ಸಾವಯವಕ್ಕೆ ಸಾಕ್ಷಿ

ಮಾಗಡಿ ತಾಲೂಕಿನ ಕೆಂಪಾಪುರವು ನಾಡಿನ ಗಮನಕ್ಕೆ ವಿಶೇಷವಾಗಿ ಬಂದುದು 2015ರಲ್ಲಿ, ಹಿರಿಯ ಕೆಂಪೇಗೌಡರ ಸಮಾಧಿಯು ಅಲ್ಲಿರುವುದೆಂದು ಗುರುತಿಸಲ್ಪಟ್ಟಾಗ. ಅದಕ್ಕೆ ಆಧಾರವಾದುದು ಕಲ್ಲಿನ ಮೇಲಣ ಬರಹ. ಕಂಡವರಿಗೆ ಕಣ್ಣೇ ಸಾಕ್ಷಿ. ಕಾಣದವರಿಗೆ ಬರಹ ಬೇಕು. ಅದೇ ಸೀಮೆಯ ರೈತನು ತನ್ನ ರಾಗಿಯನ್ನು ಸಾವಯವವೆಂದು ಮಾರಹೊರಟರೆ ಅವನಿಗೂ ಈ ನ್ಯಾಯವೇ ಎದುರಾಗುವುದು.

ವಿಷವಿಲ್ಲದ ಬೇಸಾಯವು ಇಲ್ಲಿಗೆ ಹೊಸತಲ್ಲ. ಕೊಟ್ಟಿಗೆಗೊಬ್ಬರ, ಹೊಂಗೆಯ ಸೊಪ್ಪು, ರಾಗಿಯ ನಡುವೆ ಅವರೆಯ ಅಕ್ಕಡಿಸಾಲು ಇವೆಲ್ಲ ಹಿರಿಯರಿಂದ ಬಂದ ಬಳಕೆಗಳು. ರೇಷ್ಮೆ ಸಾಕುವವರಂತೂ ವಿಷದ ಭಯವನ್ನು ಚೆನ್ನಾಗಿ ಬಲ್ಲರು. ನೆರೆಹೊಲಕ್ಕೆ ಹೊಡೆದ ಔಷಧಿಯು ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆಯ ಮೇಲೆ ಕುಳಿತರೆ, ಆ ಸೊಪ್ಪನ್ನು ತಿಂದ ಹುಳುಗಳು ಸಾಯುವುವು. ಇದಕ್ಕಿಂತ ನಿಷ್ಠುರನಾದ ಪರೀಕ್ಷಕನು ಬೇರಿಲ್ಲ. ಆದರೆ ಬೆಂಗಳೂರಿನ ಅಂಗಡಿಯಲ್ಲಿ ರಾಗಿಯನ್ನು ಕೊಳ್ಳುವ ಗೃಹಿಣಿಗೆ ಹುಳುವಿನ ಸಾಕ್ಷ್ಯವು ತಲುಪುವುದಿಲ್ಲ.

ಆದುದರಿಂದಲೇ ಪ್ರಮಾಣಪತ್ರದ ಏರ್ಪಾಡು. ಕೇಂದ್ರ ಸರ್ಕಾರವು 2000ದಲ್ಲಿ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮವನ್ನು ಜಾರಿಗೆ ತಂದಿತು. ಅದರ ಕ್ರಮದಂತೆ ವಾರ್ಷಿಕ ಬೆಳೆಗಳಿಗೆ ಬಿತ್ತನೆಗೆ ಮೊದಲು 2 ವರ್ಷ, ಮಾವಿನಂತಹ ಬಹುವಾರ್ಷಿಕ ಬೆಳೆಗಳಿಗೆ ಕೊಯ್ಲಿಗೆ ಮೊದಲು 3 ವರ್ಷ ಭೂಮಿಯು ಪರಿವರ್ತನೆಯಲ್ಲಿರತಕ್ಕದ್ದು. ಬೀಜವೆಲ್ಲಿಯದು, ಗೊಬ್ಬರವೆಷ್ಟು, ಮಾರಿದುದೆಷ್ಟು ಎಂಬುದೆಲ್ಲ ಪುಸ್ತಕದಲ್ಲಿರಬೇಕು. ನೆರೆಹೊಲದ ವಿಷವು ತಾಗದಂತೆ ಬದುವಿನ ಬಳಿ ಅಂತರವನ್ನು ಬಿಡಬೇಕು. ಈ ವರ್ಷಗಳಲ್ಲಿ ಇಳುವರಿಯು ಕುಗ್ಗಬಹುದು. ಸಾವಯವದ ಬೆಲೆಯು ಇನ್ನೂ ದೊರೆಯದು. ಎರಡೆಕರೆಯ ಸಂಸಾರವು ಎದೆಗುಂದುವುದು ಇಲ್ಲಿಯೇ.

ಪರೀಕ್ಷಕರ ವೆಚ್ಚವನ್ನು ತಾಳಲಾರದವರಿಗೆ ಇನ್ನೊಂದು ದಾರಿಯುಂಟು. ಕೇಂದ್ರ ಕೃಷಿ ಇಲಾಖೆಯ ಸಹಭಾಗಿತ್ವ ಖಾತರಿ ಪದ್ಧತಿಯಲ್ಲಿ ಕನಿಷ್ಠ ಐವರು ರೈತರು ಗುಂಪುಗೂಡಿ, ಒಬ್ಬರ ಹೊಲವನ್ನು ಮತ್ತೊಬ್ಬರು ಪರೀಕ್ಷಿಸುವರು. ಖರ್ಚು ಕಡಮೆ, ಕಷ್ಟವು ಬೇರೆ ಬಗೆಯದು. ಮದುವೆ ಮುಂಜಿಗಳಲ್ಲಿ ಜತೆಯಾಗಿ ಉಣ್ಣುವ ನೆಂಟನು ಯೂರಿಯಾ ಚೆಲ್ಲಿದುದನ್ನು ಕಂಡಾಗ ಹೇಳುವುದೆ, ಬಿಡುವುದೆ? ಒಬ್ಬನು ತಪ್ಪಿ ನಾಲ್ವರು ದಾಕ್ಷಿಣ್ಯದಿಂದ ಸುಮ್ಮನಿದ್ದರೆ ಐವರ ಪತ್ರವೂ ಸುಳ್ಳಾಗುವುದು. ದಾಕ್ಷಿಣ್ಯವನ್ನು ಮೀರಿ ನಿಜವನ್ನಾಡುವ ನೆರೆಯವನೇ ಈ ಪದ್ಧತಿಯ ಬಂಡವಾಳ.

ಕೊಳ್ಳುವವರಿಗೂ ಒಂದು ಕರ್ತವ್ಯವುಂಟು. ಪತ್ರವು ಬಂದ ಮೇಲೆ ಹೆಚ್ಚಿನ ಬೆಲೆಯನ್ನು ಕೊಡುವವರು ಅನೇಕರು. ಪತ್ರಕ್ಕಾಗಿ ಕಾಯುವ ವರ್ಷಗಳಲ್ಲಿಯೇ ಹೊಲವನ್ನು ಒಮ್ಮೆ ನೋಡಿಬಂದು, ರೈತನಿಂದ ನೇರವಾಗಿ ನಾಲ್ಕು ಪಲ್ಲ ರಾಗಿಯನ್ನು ಕೊಂಡರೆ, ಅವನು ಪತ್ರದವರೆಗೆ ತಲುಪುವನು.