ಒಂದು ಚಿಟಿಕೆ ಕೆಸರು

ನೆರೂಳದ ನೆಲವನ್ನು ನೆಲವೆಂದು ಕರೆಯುವುದು ಒಂದು ಬಗೆಯ ಸೌಜನ್ಯವೇ ಸರಿ. 1970ರಲ್ಲಿ ಸಿಡ್ಕೊ ಸಂಸ್ಥೆಯು ಹುಟ್ಟಿ, ಮುಂಬಯಿಯ ಜನಭಾರವನ್ನು ಇಳಿಸುವ ಸಲುವಾಗಿ ಠಾಣೆಯ ಖಾಡಿಯ ಈಚೆ ದಡದಲ್ಲಿ ನೂತನ ನಗರವೊಂದನ್ನು ಕಲ್ಪಿಸಿದಾಗ, ಇಲ್ಲಿದ್ದುದು ಆಗ್ರಿ ಮತ್ತು ಕೋಳಿ ಜನರ ಹಳ್ಳಿಗಳು, ಭತ್ತದ ಗದ್ದೆಗಳು, ಉಪ್ಪಿನಾಗರಗಳು, ಮತ್ತು ಭರತ ಇಳಿತಗಳ ನಡುವೆ ಅತ್ತ ಕಡಲೂ ಅಲ್ಲದೆ ಇತ್ತ ದಡವೂ ಅಲ್ಲದೆ ಹರಡಿಕೊಂಡಿದ್ದ ವಿಸ್ತಾರವಾದ ಕೆಸರು. 1992ರಲ್ಲಿ ವಾಶಿಗೆ ಬಂದ ಹಾರ್ಬರ್ ಲೈನಿನ ರೈಲು ಮರುವರ್ಷ ನೆರೂಳವನ್ನು ಮುಟ್ಟಿತು. ಅದರ ಬೆನ್ನಿಗೇ ಚೆಂಬೂರು, ಮಾಟುಂಗಾಗಳ ಬಾಡಿಗೆಯ ಖೋಲಿಗಳನ್ನು ತೊರೆದು ನಮ್ಮಂಥ ಕನ್ನಡ ಜಿಲ್ಲೆಯವರೂ ಬಂದೆವು. ನಮ್ಮ ಸೊಸೈಟಿಯ ಕಟ್ಟಡವು ಕೆಸರನ್ನು ನಂಬಿ ನಿಂತದ್ದಲ್ಲ. ಅದರ ಕಾಂಕ್ರೀಟಿನ ಕಾಲುಗಳು ಕೆಸರನ್ನು ಭೇದಿಸಿ, ಕೆಳಗಿನ ಕರಿಕಲ್ಲಿನ ಮೇಲೆ ಊರಿಕೊಂಡಿವೆ. ಹೀಗೆ ಎಲ್ಲರೂ ದಾಟಿ ಹೋಗುವ ಈ ಕೆಸರನ್ನು ಯಾರಾದರೂ ನಿಂತು ವಿಚಾರಿಸಿದ್ದುಂಟೆ ಎಂಬ ಕುತೂಹಲ ನನ್ನಲ್ಲಿ ಹುಟ್ಟಿದುದು ಬ್ಯಾಂಕಿನಿಂದ ನಿವೃತ್ತನಾದ ಮೇಲೆ, ಗೋವೆಯಲ್ಲಿ ಭೂವಿಜ್ಞಾನದ ಸಂಶೋಧನೆಯನ್ನು ಮಾಡುತ್ತಿರುವ ಸೋದರಳಿಯನೊಬ್ಬನು ಹಳೆಯ ಸೂಕ್ಷ್ಮದರ್ಶಕವೊಂದನ್ನು ನಮ್ಮ ಮನೆಯಲ್ಲಿ ತಂದಿರಿಸಿದಾಗ.

ಕಲ್ಲು ಮಣ್ಣುಗಳನ್ನು ಈ ರೀತಿಯಲ್ಲಿ ನೋಡುವ ಪದ್ಧತಿಯ ಮೂಲಪುರುಷನು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 1826ರಲ್ಲಿ ಜನಿಸಿದ ಹೆನ್ರಿ ಕ್ಲಿಫ್ಟನ್ ಸಾರ್ಬಿ. ಪಿತ್ರಾರ್ಜಿತವಾದ ಆಸ್ತಿಯಿದ್ದುದರಿಂದ ಯಾರ ಕೈಕೆಳಗೂ ದುಡಿಯಬೇಕಾಗಿಲ್ಲದ ಆತನು, ಆ ಬಿಡುವನ್ನೆಲ್ಲ ಕಲ್ಲನ್ನು ಬೆಳಕು ತೂರುವಷ್ಟು ತೆಳುವಾಗಿ ತೇಯುವುದರಲ್ಲಿ ಕಳೆದನು. ಪರ್ವತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದುಂಟೆ ಎಂದು ನಕ್ಕವರು ಆ ಕಾಲದಲ್ಲಿ ಹಲವರಿದ್ದರು. ಶಿಲೆಗಳಿಂದಲೇ ಅವನಿಗೆ ಕೀರ್ತಿ ಬಂದಿತಾದರೂ, ನನಗೆ ಹೆಚ್ಚು ಪ್ರಿಯನಾದ ಸಾರ್ಬಿಯು ವೃದ್ಧಾಪ್ಯಕ್ಕೆ ಸಮೀಪಿಸಿದವನು. ಲಂಡನ್ನಿನ ಭೂವಿಜ್ಞಾನ ಸಂಘದ ಅಧ್ಯಕ್ಷನಾಗಿ 1880ರಲ್ಲಿ ಮಾಡಿದ ಭಾಷಣದಲ್ಲಿ, ಬಿಡಿ ಮರಳಿನ ಒಂದೊಂದು ಕಣವನ್ನೂ ಹಿಡಿದು, ನೀನು ಗ್ರಾನೈಟಿನಿಂದ ಬಂದೆಯೋ ಪದರಶಿಲೆಯಿಂದ ಬಂದೆಯೋ, ದಾರಿಯಲ್ಲಿ ಎಷ್ಟು ಸವೆದೆ ಎಂದು ವಿಚಾರಣೆ ನಡೆಸಿದವನು. ಗಟ್ಟಿಯಾದ ಶಿಲೆಯನ್ನು ಮಾತನಾಡಿಸುವುದಕ್ಕಿಂತ ಚದುರಿಹೋದ ಕಣವನ್ನು ಮಾತನಾಡಿಸುವುದೇ ಕಠಿನವೆಂದು ನನ್ನ ಅಭಿಪ್ರಾಯ.

ಸಾಮಗ್ರಿಯಾದರೋ ಅತ್ಯಲ್ಪ. ಕರಾವೆ ಗಾಂವದ ಬದಿಯ ಇಳಿತದ ಕೆಸರನ್ನು ಹಿಂದಿನ ದಿನದ ಕರ್ನಾಟಕ ಮಲ್ಲದ ಹಾಳೆಯಲ್ಲಿ ಕಟ್ಟಿಕೊಂಡು ತಂದೆವು. "ಟೂತ್‌ಪಿಕ್ಕಿನ ತುದಿಗೆ ಹತ್ತಿದಷ್ಟೇ ಸಾಕು ಮಾವ, ಹೆಚ್ಚಾದರೆ ಒಂದರ ಮೇಲೊಂದು ಬಿದ್ದು ಏನೂ ಕಾಣಲಿಕ್ಕಿಲ್ಲ" ಎನ್ನುತ್ತ ಹುಡುಗನು ಆ ಕಣಮಾತ್ರವನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಒಂದು ಹನಿ ನೀರು ಬಿಟ್ಟು, ಮಂಜಿನಷ್ಟು ತೆಳುವಾಗಿ ಸವರಿದನು. ಇನ್ನು ಅದನ್ನು ಬಿಸಿಯ ಮೇಲೆ ಒಣಗಿಸಬೇಕು. ನಾವಿಬ್ಬರೂ ಅಡುಗೆಮನೆಯ ಕಡೆಗೆ ತಿರುಗಿದುದನ್ನು ಕಂಡ ನನ್ನಾಕೆಯು, "ದೋಸೆ ಹುಯ್ಯುವ ಕಾವಲಿಯ ಮೇಲೆ ಖಾಡಿಯ ಕೆಸರೇ? ಬಾಲ್ಕನಿಯಲ್ಲಿ ಬೇಕಾದಷ್ಟು ಬಿಸಿಲುಂಟು ಮಾರಾಯ್ರೆ" ಎಂದು ನ್ಯಾಯವಾಗಿಯೇ ತಡೆದಳು. ಬಿಸಿಲಿನಲ್ಲಿ ಒಣಗಿದ ಲೇಪದ ಮೇಲೆ ಕೆನಡಾ ಬಾಲ್ಸಮ್ ಎಂಬ ಮರದ ಅಂಟನ್ನು ಒಂದು ಹನಿ ಹಾಕಿ, ತೆಳುಗಾಜನ್ನು ಮುಚ್ಚಿದೆವು.

ಈ ಅಂಟಿನದೊಂದು ವಿಚಿತ್ರವುಂಟು. ಬೆಳಕನ್ನು ಬಾಗಿಸುವುದರಲ್ಲಿ ಅದೂ ಬೆಣಚುಕಲ್ಲೂ ಹೆಚ್ಚುಕಡಿಮೆ ಸಮಸಮ. ಆದುದರಿಂದ ಸಾಮಾನ್ಯ ಬೆಳಕಿನಲ್ಲಿ ಬೆಣಚಿನ ಕಣವು ತನ್ನ ಅಂಚನ್ನೇ ಕಳೆದುಕೊಂಡು ಅದೃಶ್ಯಪ್ರಾಯವಾಗುತ್ತದೆ. ಅದೇ ಕ್ಷೇತ್ರದಲ್ಲಿ ಡಯಾಟಮ್ ಎಂಬ ಏಕಕೋಶ ಜೀವಿಗಳ ಗಾಜಿನಂಥ ಚಿಪ್ಪುಗಳು, ಸಾಲುಸಾಲಾದ ರಂಧ್ರಗಳ ಕುಸುರಿಯೊಡನೆ ಸ್ಫುಟವಾಗಿ ಕಾಣುತ್ತವೆ. ಚಳಿಗಾಲದಲ್ಲಿ ಸಹಸ್ರಾರು ಸಂಖ್ಯೆಯಲ್ಲಿ ಈ ಖಾಡಿಗಿಳಿಯುವ ಫ್ಲೆಮಿಂಗೊಗಳಲ್ಲಿ ಕಿರಿಯ ಜಾತಿಯವು ಕೊಕ್ಕಿನಿಂದ ಸೋಸಿ ತಿನ್ನುವ ಆಹಾರದಲ್ಲಿ ಇವೂ ಸೇರಿವೆ. ಆಮೇಲೆ ಹುಡುಗನು ಪೀಠದ ಕೆಳಗೊಂದು ಮೇಲೊಂದು ಪೋಲರಾಯ್ಡ್ ಹಾಳೆಯನ್ನು ಪರಸ್ಪರ ಅಡ್ಡವಾಗಿ ತೂರಿಸಿದನು. ಕ್ಷೇತ್ರವೆಲ್ಲ ಕತ್ತಲಾಯಿತು, ಡಯಾಟಮ್ಮುಗಳು ಕುಸುರಿಯೊಡನೆ ಮಾಯವಾದವು. ಆವರೆಗೆ ಇಲ್ಲವೆಂದೇ ತೋರುತ್ತಿದ್ದ ಸ್ಫಟಿಕಕಣಗಳು ಬೂದು, ಬಿಳಿ, ಹಳದಿ ವರ್ಣಗಳಲ್ಲಿ ಬೆಳಗಿದವು. ನೀಳವಾದ ಫೆಲ್ಡ್‌ಸ್ಪಾರ್ ಚೂರುಗಳ ಮೈಮೇಲೆ ಕಪ್ಪುಬಿಳುಪಿನ ಪಟ್ಟೆಗಳೆದ್ದವು. ಆಗೈಟ್ ಎಂಬ ಕಂದು ಖನಿಜವು ದಪ್ಪ ಅಂಚಿನೊಡನೆ ಬಣ್ಣಬಣ್ಣವಾಗಿ ಹೊಳೆಯಿತು. ಯಾವ ಬೆಳಕಿಗೂ ಜಗ್ಗದೆ ಉಳಿದವು ಕರಿಯ ಮ್ಯಾಗ್ನಟೈಟ್ ಕಣಗಳು ಮತ್ತು ಹಿಪ್ಪುನೇರಳೆ ಹಣ್ಣಿನಂತೆ ದುಂಡಗೆ ಗೊಂಚಲಾದ ಪೈರೈಟ್. ಈ ಪೈರೈಟಿನ ಗೊಂಚಲು ಬೆಟ್ಟದಿಂದ ಬಂದುದಲ್ಲ. ಕಾಂಡ್ಲದ ಬುಡದ ಕೆಸರಿನಲ್ಲಿ, ಆಮ್ಲಜನಕವಿಲ್ಲದೆಡೆಯಲ್ಲಿ, ಬ್ಯಾಕ್ಟೀರಿಯಗಳು ಸಮುದ್ರಜಲದ ಸಲ್ಫೇಟನ್ನು ಒಡೆದು ಬಿಟ್ಟ ಗಂಧಕವು ಕಬ್ಬಿಣದೊಡನೆ ಕೂಡಿ ಸ್ಥಳದಲ್ಲಿಯೇ ಹುಟ್ಟಿದುದು. ಇಳಿತದ ಹೊತ್ತಿನಲ್ಲಿ ಪಾಮ್ ಬೀಚ್ ರಸ್ತೆಯವರೆಗೂ ಬರುವ ಕೊಳೆತ ಮೊಟ್ಟೆಯ ನಾತದ ಮೂಲವೂ ಆ ಬ್ಯಾಕ್ಟೀರಿಯಗಳೇ.

ಪಟ್ಟೆಯ ಫೆಲ್ಡ್‌ಸ್ಪಾರ್, ಆಗೈಟ್, ಮ್ಯಾಗ್ನಟೈಟ್ ಮೂರೂ ಒಂದೇ ಮನೆತನದವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದು ಹೆಪ್ಪುಗಟ್ಟಿದ ದಖ್ಖನ್ನಿನ ಲಾವಾಶಿಲೆಯನ್ನು, ಪಾರ್ಸಿಕ ಬೆಟ್ಟದ ಕ್ವಾರಿಗಳಲ್ಲಿ ಒಡೆದು ಲಾರಿಗಳಲ್ಲಿ ಸಾಗಿಸಿದ ಅದೇ ಕಲ್ಲನ್ನು, ಮಳೆಯು ತನ್ನ ನಿಧಾನದಲ್ಲಿ ಒಡೆದು ಇಲ್ಲಿ ತಂದುಹಾಕಿದೆ. ಆ ಶಿಲೆಯಲ್ಲಿ ಬೆಣಚು ಬಹು ವಿರಳ. ಸಿಕ್ಕರೆ ಅದರ ಪೊಟರೆಗಳಲ್ಲಿ ಆಮೇಲೆ ಬೆಳೆದದ್ದು. ಆ ಶಿಲೆ ಕೊಳೆತು ಆಗುವ ಜೇಡಿಯೂ ನೀರು ಕುಡಿದು ಉಬ್ಬುವ, ಒಣಗಿದರೆ ಬಿರಿಯುವ ಜಾತಿಯದು. ಬಯಲುಸೀಮೆಯ ಎರೆಮಣ್ಣಿನ ಸ್ವಭಾವವೂ ಇದೇ ಅಲ್ಲವೆ?

ಹೋಲಿಕೆಗೆಂದು ಉಳ್ಳಾಲದ ಮನೆಯಿಂದ ಸೋಮೇಶ್ವರದ ಮರಳನ್ನು ತರಿಸಿ ನೋಡಿದರೆ ಬೇರೆಯೇ ಲೋಕ. ಸುಮಾರು 300 ಕೋಟಿ ವರ್ಷದ ನೈಸ್ ಶಿಲೆಗಳನ್ನು ತೊಳೆದುಕೊಂಡು ಬರುವ ನೇತ್ರಾವತಿಯ ನಾಡಿನ ಮರಳದು. ಕಣ್ಣಿಗೆ ಬಿದ್ದವುಗಳಲ್ಲಿ ಬಹುಪಾಲು ಬೆಣಚು, ನಡುನಡುವೆ ಹಸುರು ಹಾರ್ನ್‌ಬ್ಲೆಂಡ್, ಮುರಕಲ್ಲಿನ ಕೆಂಪು ತುಣುಕು. ಕಡಲ ತಡಿಯಲ್ಲಿ ಉರುಳಿ ಉರುಳಿ ದೊಡ್ಡ ಕಣಗಳ ಮೂಲೆಗಳು ಸವೆದಿದ್ದವು. ಸಣ್ಣವು ಮಾತ್ರ ಒಡೆದ ದಿನದ ಮೊನೆಯನ್ನೇ ಉಳಿಸಿಕೊಂಡಿದ್ದವು. ಇದಕ್ಕೆ ಕಾರಣವನ್ನು ಫ್ರಾನ್ಸಿನ ದೋಬ್ರೆ ಎಂಬ ವಿಜ್ಞಾನಿಯು ಕಲ್ಲಿನ ಚೂರುಗಳನ್ನು ನೀರಿನೊಡನೆ ಪೀಪಾಯಿಗಳಲ್ಲಿ ತಿರುಗಿಸಿಯೇ ಕಂಡುಕೊಂಡನು: ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಸಣ್ಣದಾದ ಕಣವು ನೀರಿನಲ್ಲಿ ತೇಲಿಕೊಂಡೇ ಸಾಗುವುದರಿಂದ ಇನ್ನೊಂದನ್ನು ಬಲವಾಗಿ ತಾಗುವುದಿಲ್ಲ, ತಾಗದುದರಿಂದ ಸವೆಯುವುದೂ ಇಲ್ಲ. ಬ್ಯಾಂಕಿನ ಗುಮಾಸ್ತರಲ್ಲಿಯೂ ಇಂಥವರನ್ನು ನಾನು ಕಂಡಿದ್ದೇನೆ. ಹೆಸರು ಹೇಳುವುದು ಬೇಡ.

2015ರಲ್ಲಿ ಜಾಯ್ಡಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗು, ಮುಂಬಯಿಯ ಪಶ್ಚಿಮಕ್ಕೆ ನೂರಾರು ಕಿಲೋಮೀಟರು ದೂರದ ಲಕ್ಷ್ಮೀ ಜಲಾನಯನದಲ್ಲಿ ಸಮುದ್ರತಳವನ್ನು ಕೊರೆದು ಕೆಸರಿನ ಕಂಬಗಳನ್ನು ಮೇಲೆತ್ತಿತಂತೆ. ಹಿಮಾಲಯದ ಕಡೆಯಿಂದ ಸಿಂಧೂನದಿಯು ಹೊತ್ತು ತಂದ ಹೂಳಿನ ಜೊತೆಗೆ, ಸುಮಾರು ಒಂದು ಕೋಟಿ ವರ್ಷದ ಹಿಂದೆ ನಮ್ಮ ಪಶ್ಚಿಮ ತೀರದ ಅಂಚೇ ಕುಸಿದು ಆಳಕ್ಕೆ ಜಾರಿದ ಮಹಾರಾಶಿಯೊಂದು ಅಲ್ಲಿ ಸಿಕ್ಕಿತು. ಅದಕ್ಕೆ ನಟರಾಜನ ಹೆಸರನ್ನಿಟ್ಟಿದ್ದಾರೆ. ಆ ಹಡಗಿನ ಪ್ರಯೋಗಶಾಲೆಯಲ್ಲಿಯೂ ಕಂಬದಿಂದ ಟೂತ್‌ಪಿಕ್ಕಿನ ತುದಿಯಷ್ಟು ಕೆಸರನ್ನೆತ್ತಿ, ಗಾಜಿನ ಮೇಲೆ ಸವರಿ, ಒಣಗಿಸಿ, ಮೊದಲು ಸಾದಾ ಬೆಳಕಿನಲ್ಲಿಯೂ ಆಮೇಲೆ ಅಡ್ಡಬೆಳಕಿನಲ್ಲಿಯೂ ನೋಡುವುದೇ ಕ್ರಮವೆಂದು ಅಳಿಯನು ಹೇಳಿದಾಗ, ಒಣಗಿಸುವುದಕ್ಕೆ ಅವರ ಬಳಿ ಏನಿದೆ ಎಂದು ನನ್ನಾಕೆ ಕೇಳಿದಳು. ಅದಕ್ಕೆಂದೇ ಒಂದು ವಿದ್ಯುತ್ ಕಾವಲಿಯಿರುತ್ತದೆ ಅತ್ತೆ, ಎಂದನು ಅವನು.