ಚಿಕ್ಕಪೇಟೆ ಮುಗಿಸಿ ಎಸ್.ಪಿ. ರಸ್ತೆಗೂ ಹೋಗಿ ಬನ್ನಿ

ಬೆಂಗಳೂರಿಗೆ ಹೊರಟಿದ್ದೀರಾ? ಮದುವೆಯೋ, ನಾಮಕರಣವೋ, ಮಗಳ ಮನೆಯಲ್ಲಿ ನಾಲ್ಕು ದಿನ ಇರುವುದೋ, ಅಂತೂ ಹೋದ ಮೇಲೆ ಚಿಕ್ಕಪೇಟೆಗೆ ಕಾಲಿಡದೆ ಬರುವುದುಂಟೇ! ಸೀರೆ ನೋಡಿದ್ದಾಯಿತು, ಬೆಳ್ಳಿ ದೀಪದ ದರ ಕೇಳಿ ಉಸ್ಸೆಂದದ್ದೂ ಆಯಿತು. ಕಾಲು ನೋಯುತ್ತದೆ, ನಿಜ. ಆದರೂ ಅಲ್ಲಿಂದ ಹೆಚ್ಚು ದೂರವಿಲ್ಲದ ಇನ್ನೊಂದು ಬೀದಿಯಿದೆ. ನಮ್ಮಂಥವರು ಅಲ್ಲಿಗೆ ಹೋಗುವುದು ಅಪರೂಪ. "ಅದು ಗಂಡಸರ ಬೀದಿ ಕಣೇ, ವೈರು, ಕಂಪ್ಯೂಟರು, ನಮಗೇನು ಕೆಲಸ?" ಅಂತ ಬಿಟ್ಟುಬಿಡುತ್ತೇವೆ. ಅದೇ ಎಸ್.ಪಿ. ರಸ್ತೆ. ಪೂರ್ತಿ ಹೆಸರು ಸದರ್ ಪತ್ರಪ್ಪ ರಸ್ತೆ. ಪೂರ್ತಿ ಹೆಸರು ಹೇಳಿದರೆ ಆಟೋದವರು ಒಂದು ಕ್ಷಣ ಯೋಚಿಸುತ್ತಾರೆ, ಎಸ್.ಪಿ. ರೋಡು ಎಂದರೆ ಸಾಕು.

ಈಗ ಹೋಗುವುದು ಸುಲಭ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಚಿಕ್ಕಪೇಟೆಯ ನಂತರದ ನಿಲ್ದಾಣವೇ ಕೃಷ್ಣರಾಜೇಂದ್ರ ಮಾರುಕಟ್ಟೆ. 2017ರಲ್ಲಿ ಈ ಸುರಂಗದ ಹಾದಿ ತೆರೆದ ಮೇಲೆ ಹೂವಿನ ಬುಟ್ಟಿ, ತಳ್ಳುಗಾಡಿಗಳ ನಡುವೆ ಬಸ್ಸಿನಲ್ಲಿ ಕೂತು ಬೆವರುವ ಕಷ್ಟ ತಪ್ಪಿದೆ. ಅಲ್ಲಿಂದ 1935ರಲ್ಲಿ ಕಟ್ಟಿದ ಪುಟ್ಟಣ್ಣ ಚೆಟ್ಟಿ ಪುರಭವನದ ಕಡೆಗೆ ದಾರಿ ಕೇಳಿಕೊಂಡು ನಡೆಯಿರಿ. ಅಂದಹಾಗೆ, ಬೆಂಗಳೂರಿಗೆ ಮೊದಲ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಶಿವನಸಮುದ್ರದ ನೀರಿನ ಬಲದಿಂದ. ಬೀದಿದೀಪ ಮೊದಲು ಹೊತ್ತಿದ್ದು ಈ ಮಾರುಕಟ್ಟೆಯ ಆಸುಪಾಸಿನಲ್ಲೇ. ಊರಿನ ಎಲೆಕ್ಟ್ರಿಕ್ ಸಾಮಾನಿನ ದೊಡ್ಡ ಪೇಟೆ ಅದರ ಮಗ್ಗುಲಲ್ಲೇ ಬೆಳೆದಿದೆ, ನೋಡಿ! ಭಾನುವಾರ ಮಾತ್ರ ಹೋಗಬೇಡಿ, ಬಹುಪಾಲು ಅಂಗಡಿಗಳು ಬಾಗಿಲು ಹಾಕಿರುತ್ತವೆ.

ಬೀದಿ ನೋಡಿದರೆ ಮೊದಲು ಗಾಬರಿಯೇ. ಒಂದು ಕಡೆ ಪಂಪ್‌ಸೆಟ್ಟಿನ ಬಿಡಿಭಾಗ, ಹಗ್ಗ, ಮೊಳೆ, ಸರಪಳಿ. ಇನ್ನೊಂದು ಕಡೆ ಲ್ಯಾಪ್‌ಟಾಪು, ಸಿ.ಸಿ. ಕ್ಯಾಮೆರಾ, ಚಾರ್ಜರು. ಮೇಲೆ ನೋಡಿದರೆ ತಂತಿಗಳ ಜಡೆ, ಕೆಳಗೆ ನೋಡದಿದ್ದರೆ ಕಾಲು ಚರಂಡಿಗೆ. ಎರಡು ಮಾರು ಅಗಲದ ಅಂಗಡಿಗಳು, ಅವುಗಳ ಪಕ್ಕದಲ್ಲಿ ಕಡಿದಾದ ಮೆಟ್ಟಿಲು, ಮೆಟ್ಟಿಲು ಹತ್ತಿದರೆ ಇನ್ನೂ ಹತ್ತು ಅಂಗಡಿ. ರಾಜಸ್ಥಾನದಿಂದ ಬಂದ ವ್ಯಾಪಾರಿಗಳೂ "ಬನ್ನಿ ಅಕ್ಕಾ, ಏನು ಬೇಕು?" ಎಂದು ಕನ್ನಡದಲ್ಲೇ ಕರೆಯುತ್ತಾರೆ. ಟೀವಿ ರಿಮೋಟುಗಳನ್ನು ನಮ್ಮೂರ ಸಂತೆಯ ನುಗ್ಗೆಕಾಯಿಯಂತೆ ಕಟ್ಟುಕಟ್ಟಾಗಿ ಜೋಡಿಸಿರುತ್ತಾರೆ. ಮಿಕ್ಸಿಯ ಕಪ್ಲರ್, ಗ್ರೈಂಡರಿನ ಬೆಲ್ಟು, ಇಂಡಕ್ಷನ್ ಒಲೆಯ ಸ್ವಿಚ್ಚು, ಊರಿನಲ್ಲಿ "ಕಂಪನಿಯಿಂದಲೇ ಬರಬೇಕು" ಎಂದು ತಿಂಗಳುಗಟ್ಟಲೆ ಕಾಯಿಸುವ ಸಣ್ಣಪುಟ್ಟ ಸಾಮಾನು ಇಲ್ಲಿ ಹುಡುಕಿದರೆ ಸಿಕ್ಕೀತು. ಹಳೆಯ ಭಾಗವನ್ನು ಚೀಲದಲ್ಲಿ ತೆಗೆದುಕೊಂಡು ಹೋಗಿ, ಅಷ್ಟೇ. "ಹಿಂಗಿತ್ತು, ಹಂಗಿತ್ತು" ಎಂದು ಕೈಯಲ್ಲಿ ತೋರಿಸಿದರೆ ನಡೆಯುವುದಿಲ್ಲ.

ನಾನು ಅಲ್ಲಿಗೆ ಹೋದದ್ದು ನನ್ನ ನಾದಿನಿಯ ಜೊತೆ. ಅವಳ ಕೈಚೀಲದಲ್ಲಿ ತೀರಿಹೋದ ನಮ್ಮ ಅತ್ತೆಯ ಫೋನಿತ್ತು. ಪರದೆ ಕಪ್ಪಾಗಿ ಆರು ತಿಂಗಳು. ಊರಿನ ಅಂಗಡಿಯಾತ, "ಬೋರ್ಡೇ ಹೋಗಿದೆ ಅಮ್ಮಾ, ಎಕ್ಸ್‌ಚೇಂಜಿಗೆ ಹಾಕಿ, 500 ಕೊಡ್ತೀನಿ" ಎಂದಿದ್ದ. ಆದರೆ ಅದರೊಳಗೆ ಅತ್ತೆ ಮಗಳಿಗೆ ಕಳಿಸಿದ್ದ ವಾಟ್ಸಾಪ್ ಧ್ವನಿಗಳಿದ್ದವು. ಅತ್ತೆಗೆ ಬರೆಯುವ ಅಭ್ಯಾಸವಿರಲಿಲ್ಲ. ಎಲ್ಲವನ್ನೂ ಮಾತಿನಲ್ಲೇ ಹೇಳಿ ಕಳಿಸುತ್ತಿದ್ದರು. ನಾದಿನಿ ತನ್ನ ಫೋನು ಬದಲಾಯಿಸಿದಾಗ ಅವು ಹೊಸದಕ್ಕೆ ಬಂದಿರಲಿಲ್ಲ. ಉಳಿದದ್ದು ಈ ಸತ್ತ ಫೋನು ಒಂದೇ.

ಮೂರು ಅಂಗಡಿಯಲ್ಲಿ ಆಗುವುದಿಲ್ಲ ಎಂದರು. ನಾಲ್ಕನೆಯದರಲ್ಲಿ ಒಬ್ಬ ಹುಡುಗ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡವನು, ಹಿಂಬದಿ ಬಿಚ್ಚಿ, ಚಾರ್ಜರ್ ಹಾಕಿ ಕಿವಿಯ ಬಳಿ ಹಿಡಿದ. "ನಡುಗ್ತಾ ಇದೆ ಆಂಟಿ, ಜೀವ ಇದೆ. ಡಿಸ್‌ಪ್ಲೇ ಮಾತ್ರ ಹೋಗಿದೆ" ಅಂದ. ಬೇರೊಂದು ಹಳೆಯ ಪರದೆಯನ್ನು ತಾತ್ಕಾಲಿಕವಾಗಿ ಸಿಕ್ಕಿಸಿದ. ಬೆಳಕು ಬಂತು! ತಕ್ಷಣ ಪಿನ್ ಕೇಳಿತು. ನಮ್ಮ ಪುಣ್ಯ, ಅತ್ತೆ ಅದನ್ನು ಗ್ಯಾಸಿನ ಪುಸ್ತಕದ ಹಿಂಬದಿಯಲ್ಲಿ ಬರೆಸಿಟ್ಟಿದ್ದರು.

ಹುಡುಗ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ, ಸರಿ ಬಂದಿದೆಯೇ ನೋಡಲು ಒಂದನ್ನು ಒತ್ತಿದ. ಆ ಗದ್ದಲದ ನಡುವೆ ಅತ್ತೆಯ ಧ್ವನಿ: "ಮಗಾ, ಮಿಡಿ ತೊಳೆದು ಚೆನ್ನಾಗಿ ಒರೆಸು, ತೇವ ಇದ್ರೆ ಕೆಟ್ಟೋಗತ್ತೆ. ಉಪ್ಪು ಕಡಿಮೆ ಮಾಡ್ಬೇಡ, ನಿಂಗೆ ಯಾವಾಗ್ಲೂ ಉಪ್ಪಿಗೆ ಜಿಪುಣತನ..." ನಾದಿನಿ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಹುಡುಗ ಏನೂ ಗೊತ್ತಿಲ್ಲದವನ ಹಾಗೆ ಇನ್ನೊಂದು ಫೋನು ಬಿಚ್ಚತೊಡಗಿದ. ಅವನು ತೆಗೆದುಕೊಂಡದ್ದು 300 ರೂಪಾಯಿ.

ಇದರಿಂದ ನೀವು ತಿಳಿಯಬೇಕಾದದ್ದೊಂದಿದೆ. ಪಿನ್ ಗೊತ್ತಿಲ್ಲದಿದ್ದರೆ ಈಗಿನ ಫೋನುಗಳ ಒಳಗಿನ ಮಾಹಿತಿಗೆ ಬೀಗ ಬಿದ್ದಂತೆಯೇ. "ರೀಸೆಟ್ ಮಾಡಿ ಕೊಡ್ತೀವಿ" ಎಂದರೆ ಫೋನು ಏನೋ ನಡೆಯುತ್ತದೆ, ಒಳಗಿದ್ದುದೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಮನೆಯ ಹಿರಿಯರ ಫೋನಿನ ಪಿನ್ ಮನೆಯಲ್ಲಿ ನಂಬಿಕೆಯ ಒಬ್ಬರಿಗಾದರೂ ತಿಳಿದಿರಲಿ. ಯು.ಪಿ.ಐ. ಪಿನ್ ಬೇರೆ, ಅದನ್ನು ಯಾರಿಗೂ ಹೇಳಬೇಡಿ. ಅಂಗಡಿಯಲ್ಲೂ ಪಿನ್ನನ್ನು ನೀವೇ ಒತ್ತಿ, ಕೆಲಸ ಮುಗಿಯುವವರೆಗೆ ಎದುರಿಗೇ ನಿಂತಿರಿ. ಫೋಟೋ, ಧ್ವನಿಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು. ಉಪ್ಪಿನಕಾಯಿಯನ್ನು ಎರಡು ಜಾಡಿಯಲ್ಲಿ ಇಡುವುದಿಲ್ಲವೇ, ಹಾಗೆ.

ಇನ್ನು ಬ್ಯಾಟರಿಯ ಮಾತು. "ಎರಡು ವರ್ಷ ಆಯ್ತು, ಚಾರ್ಜೇ ನಿಲ್ಲಲ್ಲ, ಹೊಸ ಫೋನ್ ತಗೋ" ಎಂದು ಮಕ್ಕಳು ಅವಸರ ಮಾಡುತ್ತಾರೆ. ಲಿಥಿಯಂ ಬ್ಯಾಟರಿ ನೂರಾರು ಸಲ ತುಂಬಿ ಬರಿದಾದ ಮೇಲೆ ಸೊರಗುವುದು ಅದರ ಗುಣ. ಕುಕ್ಕರಿನ ಗ್ಯಾಸ್ಕೆಟ್ ಸವೆದರೆ ಕುಕ್ಕರನ್ನೇ ಎಸೆಯುತ್ತೇವೆಯೇ? ಒಳ್ಳೆಯ ಬ್ಯಾಟರಿ ಹಾಕಿಸಿದರೆ ಇನ್ನೆರಡು ವರ್ಷ ನಡೆದೀತು. ಆದರೆ ಬ್ಯಾಟರಿ ಉಬ್ಬಿ ಫೋನಿನ ಬೆನ್ನು ಎದ್ದಿದ್ದರೆ ತಡಮಾಡಬೇಡಿ. ಚಾರ್ಜಿಗೆ ಹಾಕಬೇಡಿ, ಅದುಮಬೇಡಿ, ಚುಚ್ಚಬೇಡಿ, ಬೆಂಕಿ ಹತ್ತಬಹುದು.

ರಿಪೇರಿ ಎಂದರೆ ಬಡವರ ಕೆಲಸ ಎಂಬ ಭಾವನೆ ನಮ್ಮ ಸಣ್ಣ ಊರುಗಳಿಗೂ ಬಂದುಬಿಟ್ಟಿದೆ. ನನಗಂತೂ ಅದು ಹಿಡಿಸುವುದಿಲ್ಲ. ಶ್ರೀಮಂತ ಯೂರೋಪಿನಲ್ಲಿ 2025ರ ಜೂನ್‌ನಿಂದ ಕಾನೂನೇ ಬಂದಿದೆ: ಒಂದು ಮಾದರಿಯ ಫೋನಿನ ಮಾರಾಟ ನಿಲ್ಲಿಸಿದ ಮೇಲೂ 7 ವರ್ಷ ಅದರ ಮುಖ್ಯ ಬಿಡಿಭಾಗಗಳನ್ನು ಕಂಪನಿಯವರು ಒದಗಿಸಬೇಕು. ನಮ್ಮ ಕೇಂದ್ರ ಸರ್ಕಾರವೂ ರಿಪೇರಿಯ ಹಕ್ಕಿನ ಬಗ್ಗೆ 2022ರಲ್ಲಿ ಸಮಿತಿ ಮಾಡಿತು. ಎಸ್.ಪಿ. ರಸ್ತೆಯ ಹುಡುಗರು ಯಾವ ಕಾನೂನಿಗೂ ಕಾಯದೆ ಆ ಕೆಲಸ ಮಾಡುತ್ತಲೇ ಬಂದಿದ್ದಾರೆ.

ಬೆಂಗಳೂರು ಎಂದರೆ ಐ.ಟಿ. ಎನ್ನುತ್ತಾರೆ. ಊರಾಚೆ ಹೊಲಗಳಿದ್ದ ಜಾಗದಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು 1970ರ ದಶಕದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯ ಕನಸು ಕಂಡರು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ನಗರಕ್ಕೆ ಬಂತು. ಆಮೇಲಿನದು ನಿಮಗೂ ಗೊತ್ತು, ನಮ್ಮ ನಿಮ್ಮ ಮನೆಯ ಮಕ್ಕಳೇ ಆ ಗಾಜಿನ ಕಟ್ಟಡಗಳಲ್ಲಿದ್ದಾರೆ. ಅಲ್ಲಿ ಕೆಲಸ ಮಾಡುವ ನನ್ನ ಅಣ್ಣನ ಮಗನಿಗೆ ಫೋನಿನ ಹಿಂಬದಿ ಬಿಚ್ಚಲು ಬರುವುದಿಲ್ಲ! ಕೇಳಿದರೆ, "ಅತ್ತೆ, ನಾನು ಸಾಫ್ಟ್‌ವೇರು" ಅಂತಾನೆ. ಇರಲಿ, ಅವರವರ ಕಸುಬು ಅವರವರಿಗೆ. ಆದರೆ ಆ ಸಾಫ್ಟ್‌ವೇರಿನವರು 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು ಎಂದುಬಿಟ್ಟರು. ಚೆನ್ನಾಗಿಯೇ ಇದ್ದ ಎಷ್ಟೋ ಲ್ಯಾಪ್‌ಟಾಪುಗಳಿಗೆ ಹನ್ನೊಂದನೆಯದು ಹಿಡಿಸುವುದಿಲ್ಲವಂತೆ. ಸೊಸೆಗೆ ಅತ್ತೆಯ ಬಳೆ ಹಿಡಿಸದ ಹಾಗೆ. ಅಂಥ ಹಳೆಯ ಯಂತ್ರಕ್ಕೆ ಎಸ್.ಎಸ್.ಡಿ. ಎಂಬ ವೇಗದ ಡಿಸ್ಕು ಕೂರಿಸಿ, ದುಡ್ಡಿಲ್ಲದೆ ಸಿಗುವ ಲಿನಕ್ಸ್ ಹಾಕಿದರೆ ಮಕ್ಕಳ ಓದಿಗೆ ಧಾರಾಳವಾಯಿತು. ಮೆಮೊರಿಯ ಬೆಲೆ ಮಾತ್ರ ಈರುಳ್ಳಿಯ ಹಾಗೆ, ಏರಿಳಿಯುತ್ತದೆ. 2025ರ ಕೊನೆಗೆ ಎ.ಐ. ಯಂತ್ರಗಳ ಹಸಿವಿನಿಂದ ಅದು ಸರ್ರನೆ ಏರಿತ್ತು. ಹೋಗುವ ದಿನ ನಾಲ್ಕು ಕಡೆ ಕೇಳಿ.

ಮೋಸವೂ ಉಂಟು, ಮುಚ್ಚಿಡುವುದೇಕೆ? ತೀರ ಅಗ್ಗದ ಮೆಮೊರಿ ಕಾರ್ಡು ಹೊರಗೆ ಬರೆದಷ್ಟು ಹಿಡಿಯದೇ ಇರಬಹುದು. ಪೆಟ್ಟಿಗೆಯ ಮೇಲೆ ಬ್ರಾಂಡಿನ ಹೆಸರಿದ್ದರೂ ಒಳಗೆ ನಕಲಿ ಇರಬಹುದು. ಜಿ.ಎಸ್.ಟಿ. ಬಿಲ್ಲು ಕೇಳಿ, ವಾರಂಟಿಯನ್ನು ಅದರ ಮೇಲೆ ಬರೆಸಿ. ಚಾರ್ಜರಿಗೆ ಬಿ.ಐ.ಎಸ್. ಗುರುತು ಇರಲಿ. ಹಳೆಯ ಫೋನು ಕೊಳ್ಳುವುದಾದರೆ ಸ್ಟಾರ್, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿ. 15 ಅಂಕಿಯ ಸಂಖ್ಯೆ ಬರುತ್ತದೆ. ಸರ್ಕಾರದ ಸಂಚಾರ್ ಸಾಥಿಯಲ್ಲಿ ಅದನ್ನು ಹಾಕಿ ನೋಡಿದರೆ ಕದ್ದ ಮಾಲೆಂದು ತಡೆಹಿಡಿದ ಫೋನು ಹೌದೋ ಅಲ್ಲವೋ ತಿಳಿಯುತ್ತದೆ. ಮೊದಲು ಹೇಳಿದ ದರಕ್ಕೇ ಒಪ್ಪಿಕೊಳ್ಳಬೇಡಿ ಎಂದು ನಿಮಗೆ ಹೇಳಿಕೊಡಬೇಕೇ! ಸೀರೆ ಅಂಗಡಿಯ ವಿದ್ಯೆ ಇಲ್ಲಿಯೂ ನಡೆಯುತ್ತದೆ.

ಸುತ್ತಾಡಿ ಹಸಿವಾದರೆ ಆಟೋ ಹಿಡಿದು ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಹೋಗಿ. 1924ರಲ್ಲಿ ಶುರುವಾದ ಹೋಟೆಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿ ಹುಟ್ಟಿದ್ದು ಅಲ್ಲೇ ಎನ್ನುತ್ತಾರೆ. ಸಾಲು ಉದ್ದವಿರುತ್ತದೆ, ಕಾಯಬೇಕು. ನಾವು ಕಾಯುವಾಗ ನಾದಿನಿ ಕಿವಿಗೆ ವೈರು ಸಿಕ್ಕಿಸಿಕೊಂಡು, ನನ್ನ ಶಾಪಿಂಗ್ ಚೀಟಿಯ ಹಿಂಬದಿಯಲ್ಲಿ ಮಿಡಿ ಉಪ್ಪಿನಕಾಯಿಯ ಅಳತೆ ಬರೆದುಕೊಂಡಳು: ಒಂದು ಸೇರು ಮಿಡಿಗೆ ಕಾಲು ಸೇರು ಕಲ್ಲುಪ್ಪು.