ಹೆಸರೂ ಗೆರೆಯೂ

ಮನುಷ್ಯನಿಗೆ ತನ್ನ ಹೆಸರಿನಲ್ಲಿರುವ ಮಮತೆ ಬೇರಾವ ಸೊತ್ತಿನಲ್ಲಿಯೂ ಇರುವುದಿಲ್ಲ. ಹೊಲಮನೆಗಳು ಪಾಲಾಗಿ ಹೋದರೂ ಹೆಸರೊಂದು ಮಾತ್ರ ಪಾಲಾಗದೆ ತನ್ನೊಬ್ಬನಿಗೇ ಉಳಿಯುವುದೆಂದು ಅವನು ನಂಬಿಕೊಂಡಿರುತ್ತಾನೆ. ಈ ನಂಬಿಕೆ ಎಷ್ಟು ಪೊಳ್ಳಾದುದೆಂಬುದನ್ನು ಅರಿಯಬೇಕಾದರೆ ಯಾವುದಾದರೊಂದು ಆಸ್ಪತ್ರೆಯ ಜಗಲಿಯಲ್ಲಿ ಅರ್ಧ ಗಂಟೆ ಕುಳಿತಿರಬೇಕು. ಒಳಗಿನಿಂದ ‘ಸುಂದರ’ ಎಂದು ಕೂಗಿದೊಡನೆ ಹೊರಗೆ ಇಬ್ಬರು ಏಳುತ್ತಾರೆ. ‘ಲಲಿತಾ’ ಎಂದರೆ ಮೂವರು. ‘ಮೇರಿ’ ಎಂದರೂ ‘ಫಾತಿಮಾ’ ಎಂದರೂ ಅದೇ ಗತಿ. ಎದ್ದವರೆಲ್ಲರೂ ಸತ್ಯವಂತರೇ. ಆದರೆ ಒಳಗೆ ಕಾದಿರುವ ಔಷಧವು ಅವರಲ್ಲಿ ಒಬ್ಬರಿಗೆ ಮಾತ್ರ ಸಲ್ಲತಕ್ಕದ್ದು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಈ ತೊಡಕಿಗೆ ಹಿಂದಿನಿಂದಲೂ ಒಂದು ಪರಿಹಾರವಿದ್ದಿತು. ಅದು ಮನೆಯ ಹೆಸರು. ಒಂದೇ ಗ್ರಾಮದಲ್ಲಿ ಮೂವರು ಸುಂದರರಿದ್ದರೂ ಒಬ್ಬನು ಪಲ್ಕೆಯವನು, ಒಬ್ಬನು ಮಜಲಿನವನು, ಇನ್ನೊಬ್ಬನು ಪದವಿನವನು. ಗುಡ್ಡ, ಬೈಲು, ತೋಡುಗಳೇ ಅಲ್ಲಿ ಮನುಷ್ಯರಿಗೆ ಗುರುತಾಗಿ ನಿಂತಿದ್ದುವು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ‘ಕವಿಶಿಷ್ಯ’ನೆಂಬ ಇನ್ನೊಂದು ಹೆಸರಿನಿಂದಲೂ ಬರೆದರು, ಅದರಿಂದ ಓದುಗರಿಗೆ ಯಾವ ನಷ್ಟವೂ ಆಗಲಿಲ್ಲ. ಸಾಹಿತ್ಯದಲ್ಲಿ ಒಬ್ಬನಿಗೆ ಎರಡು ಹೆಸರಿದ್ದರೆ ಶೋಭೆ. ಆಸ್ಪತ್ರೆಯಲ್ಲಿ ಇಬ್ಬರಿಗೆ ಒಂದೇ ಹೆಸರಿದ್ದರೆ ಅಪಾಯ. ಏಕೆಂದರೆ ಊರಿನ ಗುಡ್ಡವೂ ಬೈಲೂ ಆಸ್ಪತ್ರೆಯ ಬಾಗಿಲಿನ ತನಕ ಮಾತ್ರ ಬರಬಲ್ಲುವು. ಅಲ್ಲಿಂದ ಒಳಗೆ ಎಲ್ಲರದೂ ಒಂದೇ ಬಣ್ಣದ ಅಂಗಿ, ಒಂದೇ ಎತ್ತರದ ಮಂಚ.

ನೇತ್ರಾವತಿಯ ದಡದ, ಬಂಟ್ವಾಳ ತಾಲೂಕಿಗೆ ಸೇರಿದ ಒಂದು ಹಳ್ಳಿಯ ಹಿರಿಯ ಕೃಷಿಕರೊಬ್ಬರಿಗೆ ಈ ಮಾತು ಮನವರಿಕೆಯಾದುದು ಎಪ್ಪತ್ತೆರಡನೆಯ ವಯಸ್ಸಿನಲ್ಲಿ. ಊರವರು ಅವರನ್ನು ಸುಂದರಣ್ಣನೆಂದು ಕರೆಯುತ್ತಿದ್ದರು. ಆಟಿ ತಿಂಗಳ ಮಳೆಯಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಅವರ ತೊಡೆಯ ಎಲುಬು ಮುರಿಯಿತು. ಮೂರು ತಾಲೂಕುಗಳ ಜನರೂ ಹೋಗಿಬರುವ ಒಂದು ದೊಡ್ಡ ಆಸ್ಪತ್ರೆಗೆ ಮಕ್ಕಳು ಅವರನ್ನು ಸೇರಿಸಿದರು. ಹೆಸರು ಕೇಳಿದಾಗ ಅವರು ಮನೆ, ಗ್ರಾಮ, ತಂದೆಯ ಹೆಸರುಗಳೊಡನೆ ಸಾವಕಾಶವಾಗಿ ಹೇಳಿದರು. ಅದೆಲ್ಲವನ್ನೂ ಬರೆದುಕೊಂಡ ಬಳಿಕ ದಾದಿಯು ಅವರ ಬಲಗೈಯ ಮಣಿಕಟ್ಟಿಗೆ ಒಂದು ಬಿಳಿಯ ಪಟ್ಟಿಯನ್ನು ಸುತ್ತಿದಳು. ಅದರ ಮೇಲೆ ಅವರ ಹೆಸರೂ ವಯಸ್ಸೂ ಒಂದು ಸಂಖ್ಯೆಯೂ ಇದ್ದುವು. ಕೆಳಗೆ ದಪ್ಪವಾಗಿಯೂ ತೆಳ್ಳಗಾಗಿಯೂ ನಿಂತಿದ್ದ ಕಪ್ಪು ಗೆರೆಗಳ ಒಂದು ಸಾಲು. ಅಂಗಡಿಯ ಸಾಬೂನಿನ ಮೇಲೆಯೂ ಬಿಸ್ಕತ್ತಿನ ಪೊಟ್ಟಣದ ಮೇಲೆಯೂ ಕಾಣುವ ಬಾರ್‌ಕೋಡ್ ಅದು.

ಸುಂದರಣ್ಣನಿಗೆ ಇದು ಹಿಡಿಸಲಿಲ್ಲ. “ನಮ್ಮ ಕಪಿಲೆಯ ಕಿವಿಗೂ ಇಂಥದೇ ಹಳದಿ ಬಿಲ್ಲೆಯೊಂದನ್ನು ಹೊಡೆದು ಹೋಗಿದ್ದಾರೆ, ಹನ್ನೆರಡು ಅಂಕೆಯದ್ದು. ದನಕ್ಕಾದರೆ ಮಾತು ಬಾರದು. ನನಗೆ ಬಾಯಿ ಉಂಟಲ್ಲ ಮಗಳೇ?” ಎಂದರು.

“ಬಾಯಿ ಉಂಟು ಅಜ್ಜ. ಆದರೆ ನಾಳೆ ಆಪರೇಶನಿಗೆ ಪ್ರಜ್ಞೆ ತಪ್ಪಿಸಿದ ಮೇಲೆ ಆ ಬಾಯಿ ಮಾತಾಡುವುದಿಲ್ಲ. ಆಗ ನಿಮ್ಮ ಪರವಾಗಿ ಮಾತಾಡುವುದು ಇದು” ಎಂದು ದಾದಿಯು ಉತ್ತರ ಕೊಟ್ಟಳು. ಮುದುಕರು ಸುಮ್ಮನಾದರು, ಆದರೆ ಒಪ್ಪಿದರೆಂದು ಹೇಳುವಂತಿರಲಿಲ್ಲ.

ಆ ಗೆರೆಗಳ ವಂಶಾವಳಿ ಕುತೂಹಲಕರವಾದುದು. ಅಮೇರಿಕದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಎಂಬ ತರುಣನು ಮಿಯಾಮಿಯ ಕಡಲ ತೀರದಲ್ಲಿ ಕುಳಿತು, ತಂತಿ ವರ್ತಮಾನದ ಚುಕ್ಕಿ ಅಡ್ಡಗೆರೆಗಳನ್ನು ನೆನೆಯುತ್ತ, ಮರಳಿನಲ್ಲಿ ಬೆರಳುಗಳನ್ನು ಎಳೆದನಂತೆ. ಚುಕ್ಕಿಯು ತೆಳ್ಳನೆಯ ಗೆರೆಯಾಯಿತು, ಅಡ್ಡಗೆರೆಯು ದಪ್ಪನೆಯ ಗೆರೆಯಾಯಿತು. ಅವನೂ ಅವನ ಸಂಗಡಿಗನಾದ ಬರ್ನಾರ್ಡ್ ಸಿಲ್ವರನೂ 1949ರಲ್ಲಿ ಅರ್ಜಿ ಸಲ್ಲಿಸಿ 1952ರಲ್ಲಿ ಪೇಟೆಂಟ್ ಪಡೆದರು. ಆದರೆ ಆ ಗೆರೆಗಳನ್ನು ಓದತಕ್ಕ ಬೆಳಕೂ ಗಣಕವೂ ಅಗ್ಗವಾಗಿ ದೊರೆಯಲು ಇಪ್ಪತ್ತು ವರ್ಷ ಹಿಡಿಯಿತು. ಇಂದು ಅಂಗಡಿಗಳಲ್ಲಿ ಕಾಣುವ ಬಗೆಯ ಬಾರ್‌ಕೋಡನ್ನು ಮೊದಲು ಓದಿಸಿದುದು 1974ರ ಜೂನ್ 26ರಂದು, ಓಹಾಯೋ ಪ್ರಾಂತದ ಒಂದು ಅಂಗಡಿಯಲ್ಲಿ, ಚೂಯಿಂಗ್ ಗಮ್ಮಿನ ಒಂದು ಪೊಟ್ಟಣದ ಮೇಲೆ. ಅಂಗಡಿಯಿಂದ ಅದು ರೋಗಿಯ ಮಂಚಕ್ಕೆ ಬಂದುದಕ್ಕೆ ಒಬ್ಬ ದಾದಿಯೇ ಕಾರಣಳು. ಕಾನ್ಸಸ್ ಪ್ರಾಂತದ ಟೊಪೀಕಾದಲ್ಲಿರುವ ಮಾಜಿ ಸೈನಿಕರ ಆಸ್ಪತ್ರೆಯ ಸ್ಯೂ ಕಿನ್ನಿಕ್ ಎಂಬವಳು 1992ರಲ್ಲಿ ಬಾಡಿಗೆಯ ಕಾರೊಂದನ್ನು ಹಿಂದಿರುಗಿಸುವಾಗ, ಅಲ್ಲಿಯ ನೌಕರನು ಕೈಯಲ್ಲಿದ್ದ ಯಂತ್ರದಿಂದ ಕಾರಿನ ಗುರುತನ್ನು ಓದಿಸಿ ಕ್ಷಣದಲ್ಲಿ ಲೆಕ್ಕ ಮುಗಿಸಿದುದನ್ನು ಕಂಡಳು. ಕಾರಿಗೆ ದೊರೆಯುವ ಈ ಎಚ್ಚರವು ರೋಗಿಗೆ ಏಕೆ ದೊರೆಯಬಾರದೆಂದು ಅವಳಿಗೆ ತೋರಿತು. ಅವಳ ಆಸ್ಪತ್ರೆಯಲ್ಲಿ ಆರಂಭವಾದ ಪ್ರಯೋಗವು ಮುಂದೆ ಆ ದೇಶದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲೆಲ್ಲ ಹರಡಿತು.

ಅದರ ಕ್ರಮವು ಸರಳವಾದುದು. ವೈದ್ಯರ ಆಜ್ಞೆಯು ಗಣಕದಲ್ಲಿ ಇರುತ್ತದೆ. ಔಷಧಶಾಲೆಯಿಂದ ಬರುವ ಪ್ರತಿಯೊಂದು ಮದ್ದಿಗೂ ಒಂದು ಗೆರೆಯ ಚೀಟಿ ಇರುತ್ತದೆ. ದಾದಿಯು ಮೊದಲು ರೋಗಿಯ ಕೈಪಟ್ಟಿಯನ್ನೂ ಬಳಿಕ ಮದ್ದಿನ ಚೀಟಿಯನ್ನೂ ಯಂತ್ರದಿಂದ ಓದಿಸಬೇಕು. ತಕ್ಕ ರೋಗಿ, ತಕ್ಕ ಮದ್ದು, ತಕ್ಕ ಪ್ರಮಾಣ, ತಕ್ಕ ಮಾರ್ಗ, ತಕ್ಕ ಹೊತ್ತು ಎಂಬ ಐದು ವಿಷಯಗಳಲ್ಲಿ ಒಂದು ತಪ್ಪಿದರೂ ಯಂತ್ರವು ಕೂಗಿ ತಡೆಯುತ್ತದೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳನ್ನೂ ನೋಡದೆ ಮುಹೂರ್ತವಿಡದ ಜನರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸುಂದರಣ್ಣನ ಶಸ್ತ್ರಚಿಕಿತ್ಸೆಯು ಸುಸೂತ್ರವಾಗಿ ನಡೆಯಿತು. ಮೂರನೆಯ ದಿನ ಎದುರಿನ ಮಂಚಕ್ಕೆ ಬೆಳ್ತಂಗಡಿ ತಾಲೂಕಿನವರು, ಚಾರ್ಮಾಡಿ ಘಟ್ಟದ ತಪ್ಪಲಿನವರು, ಒಬ್ಬರು ಬಂದರು. ಅವರ ಹೆಸರೂ ಸುಂದರನೆಂದೇ. ವಯಸ್ಸಿನಲ್ಲಿಯೂ ಎರಡು ಮೂರು ವರ್ಷಗಳ ಅಂತರ ಮಾತ್ರ. ಇಬ್ಬರೂ ಇದನ್ನು ವಿನೋದವೆಂದೇ ಎಣಿಸಿ, ಅಡಕೆಯ ಕೊಳೆರೋಗದ ವಿಷಯವಾಗಿ ಸಂಜೆಯ ತನಕ ಮಾತಾಡಿಕೊಂಡರು. ಅವರಲ್ಲಿ ಭೇದವೊಂದೇ: ಬೆಳ್ತಂಗಡಿಯವರಿಗೆ ಸಕ್ಕರೆಯ ಕಾಯಿಲೆ ಇದ್ದಿತು, ಬಂಟ್ವಾಳದವರಿಗೆ ಇರಲಿಲ್ಲ.

ರಾತ್ರಿಯ ಊಟಕ್ಕೆ ಮುಂಚೆ, ಒಂದು ಪಾಳಿಯವರು ಹೋಗಿ ಇನ್ನೊಂದು ಪಾಳಿಯವರು ಬರುವ ಗಡಿಬಿಡಿಯಲ್ಲಿ, ಹೊಸಬಳಾದ ದಾದಿಯೊಬ್ಬಳು ಇನ್ಸುಲಿನ್ ಚುಚ್ಚುಮದ್ದನ್ನು ಹಿಡಿದುಕೊಂಡು ಸುಂದರಣ್ಣನ ಬಳಿಗೆ ಬಂದಳು.

“ಸುಂದರ ಅವರಲ್ಲವೆ?”

“ಹೌದು ಮಗಳೇ.”

ಕೈಪಟ್ಟಿಯನ್ನು ಓದಿಸಿ ಮದ್ದಿನ ಚೀಟಿಯನ್ನು ಓದಿಸಿದಾಗ ಯಂತ್ರವು ಎಂದಿನ ಸಣ್ಣ ಶಬ್ದವನ್ನು ಮಾಡಲಿಲ್ಲ. ಕರ್ಕಶವಾಗಿ ಕೂಗಿತು, ಕೆಂಪು ಅಕ್ಷರಗಳನ್ನು ತೋರಿಸಿತು. ಅವಳು ಇನ್ನೊಮ್ಮೆ ಓದಿಸಿದಳು. ಅದೇ ಕೂಗು. ಚೀಟಿಯ ಸಂಖ್ಯೆಯನ್ನೂ ಕೈಪಟ್ಟಿಯ ಸಂಖ್ಯೆಯನ್ನೂ ಕಣ್ಣಿಂದ ಹೋಲಿಸಿ ನೋಡಿದವಳ ಮುಖವು ಬಿಳುಪೇರಿತು. ಎದುರಿನ ಮಂಚದವರಿಗೆ ಚುಚ್ಚಿ ಬಂದ ಬಳಿಕ ಅವಳು ಸುಂದರಣ್ಣನ ಹತ್ತಿರ ನಿಂತು, “ತಪ್ಪಾಗುತ್ತಿತ್ತು ಅಜ್ಜ. ಅದು ನಿಮ್ಮದಲ್ಲ” ಎಂದಳು. ಮುಚ್ಚಿಡಬಹುದಾಗಿದ್ದ ಮಾತನ್ನು ಅವಳು ಮುಚ್ಚಿಡಲಿಲ್ಲ.

ಮುದುಕರಿಗೆ ಅದರ ಅರ್ಥ ಆ ಕ್ಷಣದಲ್ಲಿ ಆಗಲಿಲ್ಲ. ಮರುದಿನ ಮಗನು ವಿಚಾರಿಸಿಕೊಂಡು ಬಂದು ಹೇಳಿದನು. ಸಕ್ಕರೆಯ ಕಾಯಿಲೆ ಇಲ್ಲದವನ ಮೈಗೆ ಇನ್ಸುಲಿನ್ ಸೇರಿದರೆ ರಕ್ತದ ಸಕ್ಕರೆಯು ಇಳಿಯುತ್ತದೆ. ಬೆವರು, ನಡುಕ, ಮಂಪರು. ರಾತ್ರಿಯ ಹೊತ್ತು, ನಿದ್ದೆಯೆಂದು ಎಲ್ಲರೂ ಬಗೆದರೆ, ಪ್ರಾಣಕ್ಕೂ ಕೇಡು. ಸುಂದರಣ್ಣನಿಗೆ ಮೊದಲು ಸಿಟ್ಟು ಬಂದಿತು. ಅವಳನ್ನು ಗದರಿಸಬೇಕೆಂದು ಕಾದು ಕುಳಿತರು. ಆದರೆ ಕಾಯುತ್ತಿದ್ದಂತೆ ಒಂದು ಮಾತು ಅವರ ಮನಸ್ಸನ್ನು ಮುಳ್ಳಿನಂತೆ ಚುಚ್ಚತೊಡಗಿತು: ‘ಹೌದು’ ಎಂದವರು ಯಾರು? ಅವಳು ಕೇಳಿದುದು ಅರ್ಧ ಹೆಸರು. ಅವರು ಕೊಟ್ಟುದು ಪೂರ್ಣ ಸಮ್ಮತಿ. ದಾಕ್ಷಿಣ್ಯಕ್ಕೆ ‘ಹೌದು’ ಎನ್ನುವುದು ಈ ನಾಡಿನ ಹಿರಿಯರ ಅಭ್ಯಾಸ. ಬಿಳಿ ಅಂಗಿಯವರ ಮುಂದಂತೂ ಅದು ಇಮ್ಮಡಿ. ಆದುದರಿಂದಲೇ ಬಲ್ಲವರು ‘ನೀವು ಇಂಥವರಲ್ಲವೆ?’ ಎಂದು ಕೇಳಬಾರದು, ‘ನಿಮ್ಮ ಹೆಸರೇನು?’ ಎಂದೇ ಕೇಳತಕ್ಕದ್ದೆಂದು ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ, ರೋಗಿಯನ್ನು ಗುರುತಿಸಲು ಕನಿಷ್ಠ ಎರಡು ಕುರುಹುಗಳಾದರೂ ಇರಬೇಕು, ಕೋಣೆಯ ಸಂಖ್ಯೆಯು ಅವುಗಳಲ್ಲಿ ಒಂದಾಗಕೂಡದು ಎಂದಿದೆ.

ಹಾಗಾದರೆ ಯಂತ್ರವೇ ರಕ್ಷಕನೋ? ಬೋಸ್ಟನ್ ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪರಿಶೀಲನೆಯಂತೆ, ಹೊತ್ತಿನ ಏರುಪೇರನ್ನು ಬಿಟ್ಟು ಉಳಿದ ತಪ್ಪುಗಳು ನೂರಕ್ಕೆ 11.5 ಇದ್ದುವು ಈ ಏರ್ಪಾಡಿನಿಂದ 6.8ಕ್ಕೆ ಇಳಿದುವು. ಇಳಿತವು ದೊಡ್ಡದು, ಆದರೆ ಉಳಿದುದೂ ಸಣ್ಣದಲ್ಲ. 2008ರ ಇನ್ನೊಂದು ಅಧ್ಯಯನವು ಅಮೇರಿಕದ ಆಸ್ಪತ್ರೆಗಳಲ್ಲಿ ಈ ಕ್ರಮವನ್ನು ದಾಟಿಹೋಗುವ 15 ಬಗೆಯ ಅಡ್ಡದಾರಿಗಳನ್ನು ಎಣಿಸಿತು. ರೋಗಿಯನ್ನು ಎಬ್ಬಿಸುವ ತೊಂದರೆ ಬೇಡವೆಂದು ಕೈಪಟ್ಟಿಯ ಪ್ರತಿಯೊಂದನ್ನು ಬಾಗಿಲಿಗೋ ಮೇಜಿಗೋ ಅಂಟಿಸಿ ಅದನ್ನೇ ಓದಿಸುವುದು ಅವುಗಳಲ್ಲೊಂದು. ಆಗ ಯಂತ್ರಕ್ಕೆ ಬಾಗಿಲಿನ ಗುರುತು ಸಿಕ್ಕಿತೇ ಹೊರತು ಮನುಷ್ಯನ ಗುರುತು ಸಿಕ್ಕಲಿಲ್ಲ. ಹಾಗೆಯೇ, ಪರೀಕ್ಷೆಗೆ ತೆಗೆದ ರಕ್ತದ ನಳಿಗೆಗೆ ಮಂಚದ ಬಳಿಯಲ್ಲಿ ಅಲ್ಲದೆ ಬೇರೆಲ್ಲಿಯೋ ಚೀಟಿ ಅಂಟಿಸಿದರೆ, ಒಬ್ಬನ ರಕ್ತವು ಇನ್ನೊಬ್ಬನ ಹೆಸರಿನಲ್ಲಿ ಪ್ರಯೋಗಶಾಲೆಗೆ ನಡೆಯುತ್ತದೆ. ರಕ್ತದಲ್ಲಿ ಗುಂಪುಗಳಿವೆಯೆಂದು ಕಾರ್ಲ್ ಲ್ಯಾಂಡ್‌ಸ್ಟೈನರನು 1901ರಲ್ಲಿ ತೋರಿಸಿಕೊಟ್ಟಂದಿನಿಂದ ತಪ್ಪು ಗುಂಪಿನ ರಕ್ತವು ವಿಷಕ್ಕೆ ಸಮಾನವೆಂಬುದು ತಿಳಿದ ವಿಷಯ. ತಪ್ಪು ಚೀಟಿಯನ್ನೂ ಯಂತ್ರವು ಸರಿಯಾದ ಚೀಟಿಯಷ್ಟೇ ನಿಷ್ಠೆಯಿಂದ ಕಾಯುತ್ತದೆ.

ಭಾರತದಲ್ಲಿಯೂ 2023ರ ಆಗಸ್ಟ್ 1 ರಿಂದ 300 ಔಷಧ ಬ್ರಾಂಡುಗಳ ಮೇಲೆ ಬಾರ್‌ಕೋಡನ್ನಾಗಲಿ ಕ್ಯೂಆರ್ ಕೋಡನ್ನಾಗಲಿ ಮುದ್ರಿಸಬೇಕೆಂಬ ನಿಯಮ ಜಾರಿಗೆ ಬಂದಿತು. ಮದ್ದು ಯಾರು ಮಾಡಿದುದು, ಯಾವ ತಂಡದ್ದು, ಎಂದಿಗೆ ಅವಧಿ ಮುಗಿಯುವುದು ಎಂಬುದನ್ನು ಅದು ಹೇಳಬಲ್ಲುದು. ಯಾರಿಗೆ ಸಲ್ಲತಕ್ಕದ್ದೆಂಬುದನ್ನು ಹೇಳಲಾರದು. ಆ ಕೊನೆಯ ಮಾತನ್ನು ಹೇಳುವ ಹೊಣೆ ಮಂಚದ ಬಳಿ ನಿಂತವರದು, ಮಂಚದ ಮೇಲೆ ಮಲಗಿದವರದೂ ಹೌದು.

ಆಸ್ಪತ್ರೆಯಿಂದ ಬಿಟ್ಟ ಬಳಿಕ ಸುಂದರಣ್ಣನು ಕೆಲವು ವಾರ ಮೂಡುಬಿದಿರೆಯಲ್ಲಿ ಮಗಳ ಮನೆಯಲ್ಲಿ ಉಳಿದರು. ಕೈಪಟ್ಟಿಯನ್ನು ಕತ್ತರಿಸಿ ಆಗಿದ್ದರೂ ಅದರ ಮಾತು ಮುಗಿದಿರಲಿಲ್ಲ. “ಮನುಷ್ಯನನ್ನು ಅಂಕೆ ಮಾಡಿಬಿಟ್ಟರಲ್ಲ” ಎಂದು ಅವರು ಒಂದು ಸಂಜೆ ಅಳಿಯನೊಡನೆ ಹೇಳಿದರು. ಧವಲ, ಜಯಧವಲ, ಮಹಾಧವಲಗಳ ಓಲೆಯ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಊರು ಅದು. ಅಳಿಯನು ಆ ಊರಿನವನೇ. ಅವನು ಹೇಳಿದನು: “ಮಾವ, ಓಲೆಯ ಕಟ್ಟಿನಲ್ಲಿ ಪ್ರತಿಯೊಂದು ಗರಿಯ ಅಂಚಿನಲ್ಲಿಯೂ ಒಂದು ಅಂಕೆ ಇರುತ್ತದೆ. ದಾರ ಹರಿದು ಗರಿಗಳೆಲ್ಲ ಚೆದರಿದಾಗ ಅವುಗಳನ್ನು ತಮ್ಮ ತಮ್ಮ ಜಾಗಕ್ಕೆ ಸೇರಿಸುವುದು ಆ ಅಂಕೆಯೇ. ಅಂಕೆ ಇದ್ದ ಮಾತ್ರಕ್ಕೆ ಗರಿಯ ಮೇಲಿನ ಬರೆಹ ಕಿರಿದಾಗುವುದಿಲ್ಲವಷ್ಟೆ.”

ಮಾವನು ಇದಕ್ಕೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಬರೆಹವನ್ನು ಓದುವವನೂ ಒಬ್ಬ ಬೇಕು” ಎಂದಷ್ಟೇ ನುಡಿದರು.

ಮುಂದಿನ ತಿಂಗಳು ಊರಿನ ಹತ್ತಿರದ ಒಂದು ಸಣ್ಣ ಪ್ರಯೋಗಶಾಲೆಗೆ ರಕ್ತ ಕೊಡಲು ಅವರು ಕೋಲೂರಿಕೊಂಡು ಹೋದರು. ಅಲ್ಲಿ ಕೈಪಟ್ಟಿಯೂ ಇರಲಿಲ್ಲ, ಗೆರೆಯನ್ನೋದುವ ಯಂತ್ರವೂ ಇರಲಿಲ್ಲ. ಗಾಜಿನ ನಳಿಗೆಗಳೂ ಒಂದು ಪೆನ್ನೂ ಇದ್ದುವು. ಹುಡುಗಿಯು ಪುಸ್ತಕವನ್ನು ನೋಡಿ, “ಸುಂದರ ಅಲ್ಲವೆ ಅಜ್ಜ?” ಎಂದು ಕೇಳಿದಳು.

ಸುಂದರಣ್ಣನು ‘ಹೌದು’ ಎನ್ನಲಿಲ್ಲ. ಹೆಸರು, ತಂದೆಯ ಹೆಸರು, ಮನೆ, ಗ್ರಾಮ, ವಯಸ್ಸು ಎಲ್ಲವನ್ನೂ ಕ್ರಮವಾಗಿ ಹೇಳಿದರು.

“ಇಷ್ಟುದ್ದ ಎಂತಕ್ಕೆ ಅಜ್ಜ?” ಎಂದು ಹುಡುಗಿ ನಕ್ಕಳು.

“ಇನ್ನೊಬ್ಬ ಸುಂದರ ಇದ್ದಾನೆ ಮಗಳೇ. ಅವನಿಗೂ ಒಳ್ಳೆಯದಾಗಬೇಕಲ್ಲ? ನಳಿಗೆಯ ಮೇಲೆ ಇಲ್ಲಿಯೇ, ನನ್ನೆದುರಿಗೇ ಬರೆ.”

ಅವಳು ಬರೆದಳು. ಅವರು ಕನ್ನಡಕವನ್ನು ಹಾಕಿಕೊಂಡು ಓದಿ ನೋಡಿದ ಮೇಲೆಯೇ ಎದ್ದರು.